ಕಿವಿ ಸೋರುವ ನಾಯಿಗೆ ಆಪರೇಷನ್ ಮಾಡಿಸಿದರೆ ಕಿವುಡಾಗುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ತೋಟದ ಮನೆ. ನಮ್ಮ ಕರಿಯನಿಗೆ ಏಳು ವರ್ಷ, ಲ್ಯಾಬ್ರಡಾರ್ ಮಿಕ್ಸ್. ಎರಡು ಮಳೆಗಾಲದಿಂದ ಅವನ ಬಲಗಿವಿ ಸೋರುತ್ತಿದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟೆವು, ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಬಿಟ್ಟೆವು. ಸ್ವಲ್ಪ ದಿನ ಕಡಿಮೆಯಾಗಿ ಮತ್ತೆ ಶುರುವಾಗುತ್ತದೆ. ಹತ್ತು ದಿನದಿಂದ ತಲೆ ಬಲಕ್ಕೆ ಓರೆ ಮಾಡಿಕೊಂಡು ನಡೆಯುತ್ತಾನೆ, ಮೊದಲೆರಡು ದಿನ ಬೀಳುತ್ತಲೂ ಇದ್ದ. ಸೋಂಕು ಒಳಗಿವಿಗೆ ಇಳಿದಿದೆ, ಕಿವಿಯ ಕೊಳವೆ ಪೂರ್ತಿ ತೆಗೆದು ಒಳಗಿನ ಮೂಳೆ ತೆರೆದು ಸ್ವಚ್ಛ ಮಾಡಬೇಕು ಅಂತ ಡಾಕ್ಟರು ಹೇಳಿದ್ದಾರೆ. ಅಪ್ಪಯ್ಯನಿಗೆ ಒಪ್ಪಿಗೆ ಇಲ್ಲ. "ಕಿವಿ ಕೇಳದ ನಾಯಿ ತೋಟ ಹೇಗೆ ಕಾಯ್ತದೆ, ಚಿರತೆ ಬಾಯಿಗೆ ಬೀಳ್ತದೆ" ಅಂತಾರೆ. ಕೀವಿನ ವಿಷದಿಂದಲೂ ಕಿವುಡಾಗುತ್ತದೆ ಅಂತ ಎಲ್ಲೋ ಓದಿದೆ. ಯಾವುದು ನಿಜ? ಆಪರೇಷನ್ ಮಾಡಿಸಬೇಕಾ, ಬೇಡವಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇವತ್ತಿನಿಂದಲೇ ಕರಿಯನ ಬಲಗಿವಿಗೆ ಏನನ್ನೂ ಬಿಡಬೇಡಿ. ಎಣ್ಣೆ ಬೇಡ, ಡ್ರಾಪ್ಸ್ ಬೇಡ, ತುಳಸಿ ರಸ ಬೇಡ, ಹೈಡ್ರೋಜನ್ ಪೆರಾಕ್ಸೈಡ್ ಅಂತೂ ಬೇಡವೇ ಬೇಡ. ಹೊರಗೆ ಸೋರಿ ಬಂದಿದ್ದನ್ನು ಒಣ ಹತ್ತಿಯಿಂದ ಒರೆಸಿ, ಅಷ್ಟು ಸಾಕು. ಯಾಕೆ ಅನ್ನೋದು ಮುಂದೆ ಬರುತ್ತದೆ, ಆದರೆ ಇದನ್ನು ಕೊನೆಯ ತನಕ ಓದಿ ಮುಗಿಸುವ ಮೊದಲೇ ಹೇಳಿಬಿಡಬೇಕು ಅನ್ನಿಸಿತು. ಯಾಕೆಂದರೆ ತಲೆ ಓರೆಯಾಗಿರುವ ನಾಯಿಯ ಕಿವಿಗೆ ಮನೆಯವರು ಪ್ರೀತಿಯಿಂದಲೇ ಏನೋ ಒಂದು ಬಿಡುತ್ತಿರುತ್ತಾರೆ, ಉಳಿದಿದ್ದ ಸ್ವಲ್ಪ ಕಿವಿಯೂ ಅದರಲ್ಲೇ ಹೋಗಿರುತ್ತದೆ. ಅಂಥದ್ದನ್ನು ನಾನು ಬಹಳ ನೋಡಿದ್ದೇನೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಅಪ್ಪಯ್ಯನವರ ಭಯ ಆಪರೇಷನ್ ಮೇಲೆ. ನಿಮ್ಮ ಭಯ ಕೀವಿನ ಮೇಲೆ. ನಿಮ್ಮ ಭಯವೇ ಜಾಸ್ತಿ ಸರಿ. ನಾಯಿಗಳಲ್ಲಿ ಈ ಆಪರೇಷನ್ನಿಗೆ ಬರುವ ಹೊತ್ತಿಗೆ ಆ ಕಿವಿಯ ಕೇಳುವ ಶಕ್ತಿ ಬಹುಪಾಲು ಹೋಗಿಯೇ ಇರುತ್ತದೆ, ಚಾಕು ಮುಟ್ಟುವ ಮೊದಲೇ. ಅದು ಹೇಗೆ ಅಂತ ತಿಳಿಯಬೇಕಾದರೆ ಒಳಗೆ ಏನಿದೆ ಅಂತ ಸ್ವಲ್ಪ ನೋಡಬೇಕು.

ನಾಯಿಯ ಕಿವಿಯ ಕೊಳವೆ ನಮ್ಮದರ ಹಾಗೆ ನೇರ ಇಲ್ಲ. ಮಾಡಿನಿಂದ ನೀರು ಇಳಿಸುವ ಪೈಪಿನ ಹಾಗೆ ಮೊದಲು ಕೆಳಕ್ಕೆ ಇಳಿದು, ಆಮೇಲೆ ತಿರುವು ತಗೊಂಡು ಒಳಕ್ಕೆ ಹೋಗುತ್ತದೆ. ಮಲೆನಾಡಿನ ಮಳೆಯಲ್ಲಿ ಜೋತು ಬಿದ್ದ ಕಿವಿಯ ನಾಯಿ ಇಡೀ ದಿನ ತೋಟದಲ್ಲಿ ಅಲೆದು ಬಂದರೆ ಆ ತಿರುವಿನಲ್ಲಿ ತೇವ ನಿಲ್ಲುತ್ತದೆ, ಗಾಳಿ ಆಡುವುದಿಲ್ಲ, ಯೀಸ್ಟ್ ಬೆಳೆಯುತ್ತದೆ, ಅದರ ಹಿಂದೆ ಬ್ಯಾಕ್ಟೀರಿಯಾ. ಉಣುಗು ಕಚ್ಚಿದ ಗಾಯ, ಹುಲ್ಲಿನ ಮುಳ್ಳು, ಚರ್ಮದ ಅಲರ್ಜಿ ಇವೆಲ್ಲ ಜೊತೆಗೆ ಸೇರಿಕೊಳ್ಳುತ್ತವೆ. ಲ್ಯಾಬ್ರಡಾರ್ ರಕ್ತ ಇರುವ ನಾಯಿಯಲ್ಲಿ ಅಲರ್ಜಿಯನ್ನು ಮರೆಯಲೇಬಾರದು, ಮತ್ತೆ ಮತ್ತೆ ಸೋರುವ ಕಿವಿಗೆ ಬುಡದ ಕಾರಣ ಎಷ್ಟೋ ಸಲ ಅದೇ.

ಕೊಳವೆಯ ಕೊನೆಯಲ್ಲಿ ಕಿವಿಯ ತಮಟೆ. ಅದರ ಹಿಂದೆ ಗಾಳಿ ತುಂಬಿದ ಒಂದು ಮೂಳೆಯ ಗೂಡು, ಅದನ್ನು ಬುಲ್ಲಾ ಅನ್ನುತ್ತೇವೆ. ಕರಿಯನ ಗಾತ್ರದ ನಾಯಿಯಲ್ಲಿ ಹೆಚ್ಚುಕಡಿಮೆ ಒಂದು ಸುಲಿದ ಅಡಿಕೆಯಷ್ಟು. ಇದು ನಡುಗಿವಿ. ಈ ಗೂಡಿನ ಒಳಗೋಡೆಯ ಆಚೆಗೆ, ತಲೆಬುರುಡೆಯ ಗಟ್ಟಿ ಮೂಳೆಯೊಳಗೆ, ನಿಜವಾದ ಒಳಗಿವಿ ಇದೆ. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಾಕ್ಲಿಯಾ, ಅದಕ್ಕೆ ಅಂಟಿಕೊಂಡೇ ಸಮತೋಲ ನೋಡಿಕೊಳ್ಳುವ ಭಾಗ. ಎರಡಕ್ಕೂ ಒಂದೇ ದ್ರವ. ಅದಕ್ಕೇ ಕಿವಿಯ ಕಾಯಿಲೆಗೆ ನಾಯಿ ಬೀಳುತ್ತದೆ, ತಲೆ ಓರೆ ಮಾಡುತ್ತದೆ, ಕಣ್ಣುಗುಡ್ಡೆ ಒಂದೇ ಸಮ ಅಲುಗಾಡುತ್ತದೆ. ತಲೆ ಓರೆಯಾಗುವುದು ಕಾಯಿಲೆ ಇರುವ ಕಡೆಗೆ. ಕರಿಯ ಬಲಕ್ಕೆ ಓರೆ ಮಾಡಿದ್ದಾನೆ, ಸೋರುವುದೂ ಬಲಗಿವಿ. ಲೆಕ್ಕ ಸರಿಯಾಗಿ ಕೂಡುತ್ತದೆ.

ಒಳಗಿವಿಯ ಗೋಡೆಯಲ್ಲಿ ಎರಡು ಪುಟ್ಟ ಕಿಟಕಿಗಳಿವೆ. ಒಂದಕ್ಕೆ ಸಣ್ಣ ಮೂಳೆ ಬಾಗಿಲಿನ ಹಾಗೆ ಕೂತಿದೆ. ಇನ್ನೊಂದಕ್ಕೆ, ಅದನ್ನು ಗುಂಡು ಕಿಟಕಿ ಅನ್ನೋಣ, ಬರೀ ಒಂದು ತೆಳು ಪೊರೆ. ಮನುಷ್ಯನಲ್ಲಿ ಈ ಪೊರೆ ಸುಮಾರು 0.07 ಮಿಲಿಮೀಟರ್ ದಪ್ಪ, ಗಿನಿ ಪಿಗ್, ಚಿಂಚಿಲ್ಲಾದಂಥ ಸಣ್ಣ ಪ್ರಾಣಿಗಳಲ್ಲಿ ಅದಕ್ಕಿಂತ ಎಷ್ಟೋ ತೆಳು. ನಡುಗಿವಿಯಲ್ಲಿ ಕೀವು ತುಂಬಿದಾಗ ಆ ಕೀವು ನೇರವಾಗಿ ಈ ಪೊರೆಯ ಮೇಲೆ ಕೂರುತ್ತದೆ. ನಿಮ್ಮ ಪ್ರಶ್ನೆಯ ಇಡೀ ಗುಟ್ಟು ಈ ಪೊರೆಯಲ್ಲಿದೆ.

ಬ್ಯಾಕ್ಟೀರಿಯಾ ಈ ಪೊರೆ ದಾಟಲೇಬೇಕು ಅಂತಿಲ್ಲ, ತಿಳೀತಾ? ಅದು ಆಚೆಗೇ ಇದ್ದುಕೊಂಡು ಬಿಡುವ ವಿಷ ದಾಟಿದರೆ ಸಾಕು. ಪೊರೆ ಒಂದು ಜರಡಿ. ಗಿನಿ ಪಿಗ್, ಚಿಂಚಿಲ್ಲಾಗಳ ನಡುಗಿವಿಗೆ ಬದುಕಿದ ಬ್ಯಾಕ್ಟೀರಿಯಾ ಒಂದೂ ಇಲ್ಲದ, ಬರೀ ವಿಷ ಇರುವ ದ್ರಾವಣ ಹಾಕಿ ನೋಡಿದ್ದಾರೆ. ಆಗಲೂ ಒಳಗಿವಿ ಕೆಡುತ್ತದೆ. ಉರಿಯೂತದ ಮೊದಲ ದಿನಗಳಲ್ಲಿ ಈ ಪೊರೆ ಇನ್ನೂ ಜಾಸ್ತಿ ಸೋರುತ್ತದೆ, ತಿಂಗಳುಗಟ್ಟಲೆ ಕೀವು ನಿಂತ ಮೇಲೆ ಅದೇ ದಪ್ಪವಾಗಿ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಹಳೆಯ ಕಿವಿ ಮತ್ತೆ ಹೊಸದಾಗಿ ಕೆರಳಿದಾಗ ಸುಮ್ನೆ ಕಾಯುತ್ತಾ ಕೂರಬಾರದು.

ವಿಷಗಳೂ ಒಂದೇ ಥರ ಅಲ್ಲ. ನಾಯಿಯ ಕಿವಿಯಲ್ಲಿ ನಾವು ಜಾಸ್ತಿ ಕಾಣುವುದು ಸ್ಟೆಫೈಲೊಕಾಕಸ್ ಗುಂಪಿನವು, ಹಳೆಯ ಹಟಮಾರಿ ಕಿವಿಯಲ್ಲಿ ಸ್ಯೂಡೊಮೋನಾಸ್. ಕೀವು ಹಸಿರು ಛಾಯೆಯಲ್ಲಿದ್ದು, ಬಾಗಿಲಲ್ಲಿ ನಿಂತರೂ ಮೂಗಿಗೆ ಬಡಿಯುವ ವಾಸನೆ ಇದ್ದರೆ ನನ್ನ ಮೊದಲ ಅನುಮಾನ ಸ್ಯೂಡೊಮೋನಾಸ್ ಮೇಲೆ. ಮನುಷ್ಯರನ್ನು ಕಾಡುವ ಸ್ಟೆಫೈಲೊಕಾಕಸ್ ಆರಿಯಸ್ ಬಿಡುವ ಆಲ್ಫಾ ಟಾಕ್ಸಿನ್ ಕೆಲಸ ಮಾಡುವ ರೀತಿ ನೋಡಿದರೆ ಮೈ ಜುಂ ಅನ್ನುತ್ತದೆ: ಅದರ ಏಳು ತುಂಡುಗಳು ಜೀವಕೋಶದ ಮೇಲೆ ಬಂದು ಉಂಗುರದ ಹಾಗೆ ಕೂತು, ನಡುವೆ ಒಂದು ತೂತು ಕೊರೆಯುತ್ತವೆ. ಕೋಶದ ಒಳಗಿನದು ಹೊರಗೆ, ಹೊರಗಿನದು ಒಳಗೆ. ಸ್ಯೂಡೊಮೋನಾಸಿನ ಎಕ್ಸೊಟಾಕ್ಸಿನ್ ಎ ಅನ್ನುವುದು ಕೋಶ ಪ್ರೋಟೀನ್ ತಯಾರಿಸುವ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ, ಗಂಟಲಮಾರಿಯ ವಿಷ ಮಾಡುವುದೂ ಇದನ್ನೇ. ಮತ್ತೆ ಸ್ಯೂಡೊಮೋನಾಸಿನ ಹೊರಗೋಡೆಯಲ್ಲೇ ಎಂಡೊಟಾಕ್ಸಿನ್ ಅನ್ನುವ ಪದಾರ್ಥ ಇದೆ. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಅದು ಇನ್ನೂ ಜಾಸ್ತಿ ಬಿಡುಗಡೆ ಆಗುತ್ತದೆ. ಅಂದರೆ ಔಷಧಿ ಕೊಟ್ಟು ಕೊಂದ ಮೇಲೂ ಅದರ ಕಾಟ ಸ್ವಲ್ಪ ದಿನ ಮುಂದುವರಿಯುತ್ತದೆ.

ಮನುಷ್ಯರ ಮಿದುಳಿನ ಪೊರೆಯ ಸೋಂಕಿನಲ್ಲಿ, ಅದೇ ಮೆನಿಂಜೈಟಿಸ್, ಮಕ್ಕಳು ಬದುಕಿದರೂ ಕಿವುಡಾಗುವುದುಂಟು. ಆ್ಯಂಟಿಬಯೋಟಿಕ್‌ನ ಮೊದಲ ಡೋಸಿಗೆ ಮುಂಚೆ ಅಥವಾ ಅದರ ಜೊತೆಗೇ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರೆ ಕಿವುಡು ಕಡಿಮೆಯಾಗುತ್ತದೆ ಅಂತ ಕಂಡುಕೊಂಡಿದ್ದಾರೆ. ಸತ್ತ ಬ್ಯಾಕ್ಟೀರಿಯಾದಿಂದ ಏಳುವ ಉರಿಯನ್ನು ಅದು ತಗ್ಗಿಸುತ್ತದೆ. ನಾಯಿಗೂ ಕೆಲವೊಮ್ಮೆ ಡಾಕ್ಟರು ಆ್ಯಂಟಿಬಯೋಟಿಕ್ ಜೊತೆ ಕೆಲವು ದಿನ ಸ್ಟೀರಾಯ್ಡ್ ಬರೆಯುತ್ತಾರೆ. ಹೆಸರು ಕೇಳಿಯೇ ಹೆದರಿ ಅರ್ಧಕ್ಕೆ ನಿಲ್ಲಿಸುವವರಿದ್ದಾರೆ, ಹಾಗೆ ಮಾಡಬೇಡಿ.

ಪೊರೆ ದಾಟಿ ಒಳಗೆ ಹೋದ ವಿಷ ಏನು ಮಾಡುತ್ತದೆ? ಕಾಕ್ಲಿಯಾದ ಒಳಗೆ ಸಾಲಾಗಿ ಕೂದಲು ಕೋಶಗಳು ನಿಂತಿರುತ್ತವೆ, ಅವುಗಳ ತಲೆಯ ಮೇಲೆ ಬಹಳ ಸೂಕ್ಷ್ಮವಾದ ಎಳೆಗಳು. ಶಬ್ದ ಬಂದಾಗ ದ್ರವ ಅಲುಗುತ್ತದೆ, ಎಳೆಗಳು ಬಾಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ. ಈ ಎಳೆಗಳು ಮುಳುಗಿರುವ ದ್ರವದಲ್ಲಿ ಪೊಟ್ಯಾಸಿಯಮ್ ಜಾಸ್ತಿ, ಸುಮಾರು 80 ಮಿಲಿವೋಲ್ಟ್ ವಿದ್ಯುತ್ತೂ ಇರುತ್ತದೆ. ಕಿವಿಯ ಬ್ಯಾಟರಿ ಅದು. ವಿಷ ತಗಲಿದಾಗ ಮೊದಲು ಈ ಬ್ಯಾಟರಿ ಇಳಿಯುತ್ತದೆ. ಆ ಹಂತದಲ್ಲಿ ಕೀವು ತೆಗೆದು ಉರಿ ತಗ್ಗಿಸಿದರೆ ಕೇಳುವ ಶಕ್ತಿ ವಾಪಸ್ ಬರಬಹುದು. ಕೂದಲು ಕೋಶಗಳೇ ಸತ್ತರೆ ಬರುವುದಿಲ್ಲ. ನಾಯಿ, ಬೆಕ್ಕು, ದನ, ಮನುಷ್ಯ ಯಾರಿಗೂ ಅವು ಮತ್ತೆ ಹುಟ್ಟುವುದಿಲ್ಲ.

ಕೋಳಿಗೆ ಹುಟ್ಟುತ್ತವೆ! ನಿಮ್ಮ ಅಂಗಳದಲ್ಲಿ ಕೆದಕುತ್ತಿರುವ ನಾಟಿ ಕೋಳಿಯ ಕೂದಲು ಕೋಶಗಳು ಸತ್ತರೆ ಕೆಲವು ವಾರಗಳಲ್ಲಿ ಹೊಸವು ಬರುತ್ತವೆ. 1980ರ ದಶಕದಲ್ಲಿ ಇದು ಗೊತ್ತಾದಾಗಿನಿಂದ ಸಸ್ತನಿಗಳಲ್ಲಿ ಯಾಕೆ ಆಗುವುದಿಲ್ಲ ಅಂತ ಹುಡುಕುತ್ತಲೇ ಇದ್ದಾರೆ.

ಇನ್ನೊಂದು ವಿಷಯ, ಇದು ಮನೆಯವರಿಗೆ ಗೊತ್ತೇ ಆಗದ್ದು. ಗುಂಡು ಕಿಟಕಿ ಇರುವುದು ಕಾಕ್ಲಿಯಾದ ಬುಡದಲ್ಲಿ. ಬುಡದ ಕೋಶಗಳು ಕೇಳುವುದು ಕೀರಲು ಶಬ್ದಗಳನ್ನು, ಸುರುಳಿಯ ತುದಿಯವು ದಪ್ಪ ಶಬ್ದಗಳನ್ನು. ಹಾಗಾಗಿ ವಿಷಕ್ಕೆ ಮೊದಲು ಬಲಿಯಾಗುವುದು ಕೀರಲು ಶಬ್ದ. ನಮಗೆ 20,000 ಹರ್ಟ್ಜ್ ತನಕ ಕೇಳಿದರೆ ನಾಯಿಗೆ ಸುಮಾರು 45,000 ತನಕ ಕೇಳುತ್ತದೆ. ಆ ಮೇಲಿನ ಪಾಲು ಹೋದರೂ ನೀವು ಕರೆದರೆ ಬರುತ್ತಾನೆ, ಜೀಪಿನ ಸದ್ದಿಗೆ ಏಳುತ್ತಾನೆ. ಆದರೆ ಹುಲ್ಲಿನಲ್ಲಿ ಇಲಿ ಚಿಂವ್ ಅಂದಿದ್ದು, ಒಣ ಸೋಗೆಯ ಮೇಲೆ ಏನೋ ಸರ್ ಅಂತ ಹರಿದಿದ್ದು ಅವನಿಗೆ ಮೊದಲಿನ ಹಾಗೆ ಸಿಗುವುದಿಲ್ಲ. "ಕಿವಿ ಚೆನ್ನಾಗೇ ಕೇಳ್ತದೆ ಡಾಕ್ಟ್ರೇ" ಅನ್ನುವ ಎಷ್ಟೋ ನಾಯಿಗಳು ಅರ್ಧ ಕಿವಿ ಕಳೆದುಕೊಂಡಿರುತ್ತವೆ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ, ಏನನ್ನೂ ಬಿಡಬೇಡಿ ಅಂದಿದ್ದೆನಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಾಗರದ ಕಡೆಯಿಂದ ಒಂದು ನಾಯಿ ತಂದಿದ್ದರು. ಕಿವಿ ತುಂಬಾ ಕೀವು, ಕಿವಿಯೊಳಗೆ ನೋಡುವ ಓಟೋಸ್ಕೋಪ್ ಹಾಕಿದರೆ ಏನೂ ಕಾಣುತ್ತಿರಲಿಲ್ಲ. ನಾಯಿ ನೋವಿಗೆ ಕೂಗುತ್ತಿತ್ತು, ಹೊರಗೆ ಸಾಲು ಇತ್ತು. ತಮಟೆ ನೋಡದೆಯೇ ಜೆಂಟಾಮೈಸಿನ್ ಡ್ರಾಪ್ಸ್ ಬರೆದುಕೊಟ್ಟೆ. ಮೂರನೆಯ ದಿನ ನಾಯಿ ಸುತ್ತುತ್ತಾ ಬೀಳತೊಡಗಿತು. ಅರಿವಳಿಕೆ ಕೊಟ್ಟು ತೊಳೆದು ನೋಡಿದಾಗ ತಮಟೆಯೇ ಇರಲಿಲ್ಲ, ಎಂದೋ ಹರಿದು ಹೋಗಿತ್ತು. ನಾನು ಕೊಟ್ಟ ಔಷಧಿ ನೇರವಾಗಿ ಗುಂಡು ಕಿಟಕಿಯ ಮೇಲೆ ಬಿದ್ದಿತ್ತು. ಕೀವಿನ ಪಾಲೂ ಇತ್ತೇನೋ, ಆದರೆ ಅದನ್ನು ಹೇಳಿಕೊಂಡು ನಾನು ಸಮಾಧಾನ ಮಾಡಿಕೊಳ್ಳಲಾರೆ. ನಡಿಗೆ ಒಂದು ತಿಂಗಳಲ್ಲಿ ಸರಿಹೋಯಿತು, ಕಿವಿ ಬರಲಿಲ್ಲ. ಅದರ ಇನ್ನೊಂದು ಕಿವಿಯೂ ಮೊದಲೇ ಹಾಳಾಗಿತ್ತು. ಮುಂದೊಂದು ದಿನ ಅವರ ಮನೆಗೆ ದನ ನೋಡಲು ಹೋಗಿದ್ದೆ. ಯಜಮಾನರು ಅಂಗಳದ ತುದಿಯಲ್ಲಿ ನಿಂತು ಹಳೆಯ ಅಭ್ಯಾಸದಂತೆ ಸಿಳ್ಳೆ ಹಾಕಿದರು. ನಾಯಿ ತಿರುಗಿ ನೋಡಲಿಲ್ಲ. ಗಾಳಿ ಆ ಕಡೆಯಿಂದ ಬೀಸಿದಾಗ ಮೂಗೆತ್ತಿ, ವಾಸನೆ ಹಿಡಿದು, ಆಮೇಲೆ ಬಾಲ ಅಲ್ಲಾಡಿಸುತ್ತಾ ಬಂತು. ಇಪ್ಪತ್ತೆರಡು ವರ್ಷ ಆಯಿತು, ಈಗಲೂ ಪ್ರತಿ ಕಿವಿ ನೋಡುವಾಗ ಆ ಎತ್ತಿದ ಮೂಗು ಕಣ್ಣ ಮುಂದೆ ಬರುತ್ತದೆ.

ಜೆಂಟಾಮೈಸಿನ್, ನಿಯೋಮೈಸಿನ್, ಸ್ಟ್ರೆಪ್ಟೊಮೈಸಿನ್ ಎಲ್ಲ ಒಂದೇ ಮನೆತನದವು. ಈ ಸಾಲಿನಲ್ಲಿ ಮೊದಲು ಬಂದದ್ದು ಸ್ಟ್ರೆಪ್ಟೊಮೈಸಿನ್, 1943ರಲ್ಲಿ ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕಿದ್ದು. ಕ್ಷಯಕ್ಕೆ ಅದು ಜೀವದಾನ ಮಾಡಿತು, ಆದರೆ ಸ್ವಲ್ಪ ಕಾಲದಲ್ಲೇ ರೋಗಿಗಳಿಗೆ ತಲೆ ಸುತ್ತು, ಕಿವುಡು ಬರುವುದು ಕಂಡಿತು. ಅದೂ ಒಂದು ಸೂಕ್ಷ್ಮಜೀವಿ ತನ್ನ ಶತ್ರುಗಳ ಮೇಲೆ ಬಿಡುವ ವಿಷವೇ ಅಲ್ವಾ, ನಾವು ಅದನ್ನು ಔಷಧಿ ಮಾಡಿಕೊಂಡಿದ್ದೇವೆ. ತಲೆಸುತ್ತಿನ ಮೆನಿಯೇರ್ ಕಾಯಿಲೆ ಜೋರಾಗಿರುವ ಮನುಷ್ಯರಿಗೆ ಕಿವಿ ಡಾಕ್ಟರುಗಳು ಬೇಕೆಂದೇ ನಡುಗಿವಿಗೆ ಜೆಂಟಾಮೈಸಿನ್ ಚುಚ್ಚಿ ಸಮತೋಲದ ಭಾಗವನ್ನು ಮಂಕು ಮಾಡುವುದೂ ಉಂಟು. ಔಷಧಿ ಆ ಪೊರೆ ದಾಟುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆ್ಯಂಟಿಬಯೋಟಿಕ್ ಮಾತ್ರ ಅಲ್ಲ. ಗಾಯ ತೊಳೆಯುವ ಕ್ಲೋರ್‌ಹೆಕ್ಸಿಡಿನ್, ಸ್ಪಿರಿಟ್, ಡ್ರಾಪ್ಸಿನಲ್ಲಿ ಬೆರೆಸುವ ಪ್ರೊಪಿಲೀನ್ ಗ್ಲೈಕಾಲ್ ಕೂಡ ಹರಿದ ತಮಟೆ ದಾಟಿದರೆ ಒಳಗಿವಿಗೆ ತೊಂದರೆ ಕೊಡುತ್ತವೆ. ಬೆಕ್ಕುಗಳಂತೂ ಇನ್ನೂ ಸೂಕ್ಷ್ಮ. ತಮಟೆ ಗಟ್ಟಿಯಿದ್ದರೆ ಇವುಗಳಲ್ಲಿ ಹಲವನ್ನು ಧೈರ್ಯವಾಗಿ ಬಳಸಬಹುದು, ಹರಿದಿದ್ದರೆ ಬಳಸಬಾರದು. ಎಲ್ಲ ನಿಂತಿರುವುದು ತಮಟೆ ನೋಡಿದ್ದೀರಾ ಅನ್ನುವ ಒಂದೇ ಪ್ರಶ್ನೆಯ ಮೇಲೆ. ನೋಡಲು ಆಗದಿದ್ದರೆ ಹರಿದಿದೆ ಅಂತಲೇ ತಿಳಿದು ನಡೆಯಬೇಕು. ಆಗ ಬೆಚ್ಚಗಿನ ಸಲೈನ್‌ನಲ್ಲಿ ತೊಳೆದು, ಆಫ್ಲಾಕ್ಸಾಸಿನ್ ಅಥವಾ ಎನ್ರೋಫ್ಲಾಕ್ಸಾಸಿನ್ ಗುಂಪಿನ ಔಷಧಿಗೆ ಹೋಗುವುದು ವಾಸಿ. ಅದೂ ಕೀವು ಪರೀಕ್ಷೆಗೆ ಕಳಿಸಿ, ಯಾವುದಕ್ಕೆ ಸಾಯುತ್ತದೆ ಅಂತ ತಿಳಿದುಕೊಂಡು.

ಇನ್ನು ಆಪರೇಷನ್. ನಿಮ್ಮ ಡಾಕ್ಟರು ಹೇಳಿದ್ದು ಒಳಗಿವಿಯ ಆಪರೇಷನ್ ಅಲ್ಲ, ಹಾಗಂತ ಕೇಳಿಸಿದರೂ. ಕಿವಿಯ ಕೊಳವೆಯನ್ನು ಪೂರ್ತಿ ತೆಗೆದು, ಬುಲ್ಲಾ ಅನ್ನುವ ಆ ಅಡಿಕೆಯಷ್ಟು ಮೂಳೆಗೂಡನ್ನು ತೆರೆದು, ಒಳಗೆ ಗಟ್ಟಿಯಾಗಿ ಕೂತ ಕೀವು, ಕೆಟ್ಟ ಪದರ ಎಲ್ಲ ಕೆರೆದು ತೆಗೆಯುತ್ತಾರೆ. ಕೆರೆಯುವಾಗ ಗೂಡಿನ ಒಂದು ಭಾಗವನ್ನು ಮಾತ್ರ ಮುಟ್ಟುವುದಿಲ್ಲ: ಮೇಲಿನ ಒಳಗೋಡೆ, ಅಲ್ಲೇ ಎರಡು ಕಿಟಕಿಗಳಿರುವುದು. ಕೈ ಅಲ್ಲಿಗೆ ಜಾರಿದರೆ ಕಾಕ್ಲಿಯಾಕ್ಕೂ ಸಮತೋಲಕ್ಕೂ ಪೆಟ್ಟು. ಈ ಆಪರೇಷನ್ ಮಾಡಿ ಅಭ್ಯಾಸ ಇರುವವರ ಕೈಯಲ್ಲೇ ಮಾಡಿಸಿ ಅಂತ ನಾನು ಪಟ್ಟು ಹಿಡಿಯುವುದು ಇದಕ್ಕೇ. ಮುಖದ ನರವೂ ಕೊಳವೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಅದು ಎಳೆದಂತಾದರೆ ಕೆಲವು ವಾರ ತುಟಿ ಜೋತು ಬೀಳಬಹುದು, ರೆಪ್ಪೆ ಮುಚ್ಚದೆ ಕಣ್ಣು ಒಣಗಬಹುದು. ಹೆಚ್ಚಿನವು ಸುಧಾರಿಸುತ್ತವೆ, ಕೆಲವು ಹಾಗೇ ಉಳಿಯುತ್ತವೆ. ಒಳಗೆ ಸ್ವಲ್ಪ ಪದರ ಉಳಿದುಬಿಟ್ಟರೆ ತಿಂಗಳುಗಳ ಮೇಲೆ ಪಕ್ಕದಲ್ಲಿ ಕೀವುಗಟ್ಟಿ ಒಡೆಯುವುದೂ ಉಂಟು.

ಕೇಳುವುದು? ತಮಟೆ, ಸಣ್ಣ ಮೂಳೆ ಹೋದ ಮೇಲೆ, ಕೊಳವೆಯ ಬಾಯಿ ಮುಚ್ಚಿದ ಮೇಲೆ, ಗಾಳಿಯಲ್ಲಿ ಬರುವ ಶಬ್ದಕ್ಕೆ ದಾರಿ ಇಲ್ಲ. ಆದರೆ ಕಾಕ್ಲಿಯಾ ಹಾಗೇ ಇರುತ್ತದೆ. ಅದರಲ್ಲಿ ಜೀವ ಉಳಿದಿದ್ದರೆ ದಪ್ಪ ಶಬ್ದ, ಜೋರು ಶಬ್ದ ತಲೆಬುರುಡೆಯ ಮೂಲಕವೇ ಮುಟ್ಟುತ್ತದೆ. ನೀವು ಎರಡೂ ಕಿವಿ ಬೆರಳಿನಲ್ಲಿ ಮುಚ್ಚಿಕೊಂಡು ಮಾತಾಡಿ ನೋಡಿ, ನಿಮ್ಮ ದನಿ ನಿಮಗೆ ಕೇಳುತ್ತದಲ್ಲ, ಅದೇ ದಾರಿ. ಇನ್ನೊಂದು ಥರದ ಆಪರೇಷನ್ ಇದೆ, ಕುತ್ತಿಗೆಯ ಕೆಳಗಿನಿಂದ ಹೋಗಿ ಬುಲ್ಲಾ ಮಾತ್ರ ತೆರೆಯುವುದು. ಕೊಳವೆ ಚೆನ್ನಾಗಿದ್ದು ನಡುಗಿವಿ ಮಾತ್ರ ಕೆಟ್ಟಿದ್ದರೆ ಅದು ಒಳ್ಳೆಯದು, ಬೆಕ್ಕಿನ ಕಿವಿಯಲ್ಲಿ ಬೆಳೆಯುವ ಗಂಟಿಗೆ ಜಾಸ್ತಿ ಮಾಡುತ್ತಾರೆ. ಅದರಲ್ಲಿ ಕೊಳವೆ ಉಳಿಯುವುದರಿಂದ ಕೇಳುವ ಶಕ್ತಿ ಉಳಿಯುವ ಅವಕಾಶವೂ ಜಾಸ್ತಿ. ಎರಡು ಮಳೆಗಾಲ ಸೋರಿದ ಕರಿಯನ ಕೊಳವೆ ಅಷ್ಟು ಚೆನ್ನಾಗಿರುವುದು ಅನುಮಾನ.

ಕಾಕ್ಲಿಯಾವನ್ನೇ ತೆರೆಯುವ ನಿಜವಾದ ಒಳಗಿವಿ ಆಪರೇಷನ್ ಪ್ರಾಣಿಗಳಲ್ಲಿ ನಡೆಯುವುದು ಬಹುತೇಕ ಪ್ರಯೋಗಾಲಯಗಳಲ್ಲಿ. ಗಿನಿ ಪಿಗ್‌ನ ಕಾಕ್ಲಿಯಾ ಬುಲ್ಲಾದೊಳಗೆ ಎದ್ದು ಕಾಣುವ ಹಾಗೆ ಇರುತ್ತದೆ, ಮುಟ್ಟಲು ಸುಲಭ. ಅದರ ಕಿವಿಯ ದ್ರವ ಒಟ್ಟು ಸೇರಿಸಿದರೂ ಒಂದು ಹನಿ ಆಗುವುದಿಲ್ಲ, ತೂತು ಮಾಡುವಾಗ ಸ್ವಲ್ಪ ಸೋರಿದರೂ, ಒಳಪೊರೆ ಹರಿದು ಅದರ ಆಚೀಚೆ ಇರುವ ಬೇರೆ ಬೇರೆ ದ್ರವಗಳು ಬೆರೆತರೂ ಆ 80 ಮಿಲಿವೋಲ್ಟ್ ಬ್ಯಾಟರಿ ಕುಸಿಯುತ್ತದೆ. ಶಬ್ದದ ಅಲೆ ಕಾಕ್ಲಿಯಾದಲ್ಲಿ ಹೇಗೆ ಸಾಗುತ್ತದೆ ಅಂತ ತೋರಿಸಿ 1961ರಲ್ಲಿ ನೊಬೆಲ್ ಪಡೆದ ಬೆಕೆಶಿ ಅವರ ಕೆಲಸದಲ್ಲೂ ಗಿನಿ ಪಿಗ್ ಇತ್ತು. ಕಿವುಡರಿಗೆ ಕಾಕ್ಲಿಯಾದೊಳಗೆ ಇಡುವ ಕೇಳುವ ಸಾಧನ, ಕಾಕ್ಲಿಯರ್ ಇಂಪ್ಲಾಂಟ್, ಮಕ್ಕಳಿಗೆ ಬರುವ ಮೊದಲು ಬೆಕ್ಕುಗಳಲ್ಲಿ ಪರೀಕ್ಷೆಯಾಗಿದೆ. ಕಿವಿಗೆ ಸಾಧನ ಇಡುವಾಗ ನಿಧಾನವಾಗಿ, ಗುಂಡು ಕಿಟಕಿಯ ಮೂಲಕ, ದ್ರವ ಹೀರದ ಹಾಗೆ, ಸ್ಟೀರಾಯ್ಡ್ ಆಸರೆಯಲ್ಲಿ ಹೋದರೆ ಉಳಿದ ಕಿವಿ ಉಳಿಯುತ್ತದೆ ಅನ್ನುವ ಪಾಠವೂ ಆ ಪ್ರಾಣಿಗಳಿಂದಲೇ ಬಂದದ್ದು. ಅವುಗಳ ಋಣ ನಮ್ಮ ಮೇಲೆ ದೊಡ್ಡದಿದೆ.

ಕೊಟ್ಟಿಗೆಯವರಿಗೂ ಒಂದು ಮಾತು, ಪ್ರಶ್ನೆಯಲ್ಲಿ ಇಲ್ಲದಿದ್ದರೂ. ಹಾಲು ಕುಡಿಯುವ ಕರುವಿನ ಒಂದು ಕಿವಿ ಜೋತು ಬಿದ್ದು ತಲೆ ಓರೆಯಾದರೆ ಅದು ಉಣುಗಿನ ಕಾಟ ಅಂತ ಬಿಡಬೇಡಿ. ಮೈಕೊಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿ ಕರುಗಳ ನಡುಗಿವಿಗೆ ಹೀಗೇ ನುಗ್ಗುತ್ತದೆ, ಬೇಗ ತೋರಿಸಿದಷ್ಟೂ ಒಳ್ಳೆಯದು.

ಕರಿಯನಿಗೆ ಎಷ್ಟು ಕೇಳುತ್ತದೆ ಅಂತ ಮನೆಯಲ್ಲೇ ಸುಮಾರಾಗಿ ನೋಡಬಹುದು. ಅವನು ಜಗಲಿಯಲ್ಲಿ ಮಲಗಿ ನಿದ್ದೆ ಹೋದಾಗ, ಹಿಂದಿನಿಂದ, ನೆರಳು ಬೀಳದ ಹಾಗೆ, ಗಾಳಿ ನಿಮ್ಮಿಂದ ಅವನ ಕಡೆಗೆ ಬೀಸದ ಹೊತ್ತಿನಲ್ಲಿ ನಿಂತು, ಬೀಗದ ಕೈ ಗೊಂಚಲು ಒಂದು ಸಲ ಅಲ್ಲಾಡಿಸಿ. ಚಪ್ಪಾಳೆ ಬೇಡ, ನೆಲ ತುಳಿಯುವುದು ಬೇಡ, ಅದು ಮೈಗೆ ತಿಳಿಯುತ್ತದೆ. ಕಿವಿ ಮಿಸುಕಿದರೂ ಸಾಕು, ಕೇಳಿದೆ ಅಂತ ಅರ್ಥ. ಆಮೇಲೆ ಎಚ್ಚರ ಇದ್ದಾಗ ಅವನ ಬಲಕ್ಕೆ ಮರೆಯಲ್ಲಿ ನಿಂತು ಹೆಸರು ಕರೆಯಿರಿ. ಒಂದೇ ಕಿವಿ ಕೇಳುವ ನಾಯಿ ಕರೆದ ಕಡೆ ನೋಡುವುದಿಲ್ಲ. ಎಡಕ್ಕೆ ತಿರುಗುತ್ತದೆ, ಅಥವಾ ಎಲ್ಲಿಂದ ಅಂತ ಸುತ್ತಲೂ ಹುಡುಕುತ್ತದೆ. ಕರಿಯ ಹಾಗೆ ಮಾಡಿದರೆ ಬಲಗಿವಿ ಈಗಲೇ ಹೋಗಿದೆ ಅಂತಲೇ ತಿಳಿಯಿರಿ, ಆಪರೇಷನ್ನಿನಿಂದ ಅದಕ್ಕೆ ಹೊಸದಾಗಿ ಹೋಗುವಂಥದ್ದು ಏನೂ ಇಲ್ಲ. ನಿಖರವಾಗಿ ಬೇಕೆಂದರೆ ಬೇರ್ ಅನ್ನುವ ಪರೀಕ್ಷೆ ಇದೆ: ತಲೆಯ ಚರ್ಮಕ್ಕೆ ಸಣ್ಣ ಸೂಜಿ ತಂತಿ ಇಟ್ಟು, ಕಿವಿಗೆ ಟಿಕ್ ಟಿಕ್ ಶಬ್ದ ಕೊಟ್ಟು, ಮೊದಲ 10 ಮಿಲಿಸೆಕೆಂಡಿನಲ್ಲಿ ಮಿದುಳಿನ ಬುಡದಲ್ಲಿ ಏಳುವ ಅಲೆಗಳನ್ನು ಅಳೆಯುವುದು. ಮೂಳೆಯ ಮೂಲಕ ಶಬ್ದ ಕೊಟ್ಟೂ ನೋಡಬಹುದು. ಆದರೆ ಕರಿಯನ ವಿಷಯದಲ್ಲಿ ನಿರ್ಧಾರ ಮಾಡಲು ಅದು ಇಲ್ಲದೆಯೂ ಆಗುತ್ತದೆ.

ಈಗ ಮಾಡಿಸಬೇಕಾ ಬೇಡವಾ. ನಿಮ್ಮ ಡಾಕ್ಟರ ಹತ್ತಿರ ಈ ಮಾತು ಕೇಳಿ: ಕೊಳವೆ ಮುಟ್ಟಿದರೆ ಮೆತ್ತಗಿದೆಯಾ, ಇಲ್ಲ ಕಡ್ಡಿಯ ಹಾಗೆ ಗಟ್ಟಿಯಾಗಿದೆಯಾ? ಅರಿವಳಿಕೆಯಲ್ಲಿ ತೊಳೆದು ತಮಟೆ ನೋಡಿದ್ದಾರಾ? ಬುಲ್ಲಾದ ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಆಗಿದೆಯಾ? ಕೀವು ಪರೀಕ್ಷೆಗೆ ಹೋಗಿದೆಯಾ? ಕೊಳವೆ ಇನ್ನೂ ಮೆತ್ತಗಿದ್ದು ಬಾಯಿ ತೆರೆದೇ ಇದ್ದರೆ, ಒಮ್ಮೆ ಚೆನ್ನಾಗಿ ತೊಳೆಸಿ, ಪರೀಕ್ಷೆಯ ಪ್ರಕಾರ ಆರೆಂಟು ವಾರ ಔಷಧಿ ಕೊಟ್ಟು ನೋಡುವುದು ನ್ಯಾಯ. ಗಟ್ಟಿಯಾಗಿ ಮುಚ್ಚಿಕೊಂಡಿದ್ದರೆ ಔಷಧಿ ಒಳಗೆ ಹೋಗುವುದೇ ಇಲ್ಲ, ಆಗ ಮುಂದೂಡುವುದರಲ್ಲಿ ಅರ್ಥವಿಲ್ಲ. ನಾನಾಗಿದ್ದರೆ ಮಾಡಿಸುತ್ತೇನೆ. ಕೇಳುವ ಶಕ್ತಿಗಿಂತ ಮುಖ್ಯ ಕಾರಣ ಎರಡು. ಒಂದು, ನೋವು. ಬುಲ್ಲಾದಲ್ಲಿ ಕೀವು ತುಂಬಿದ ನಾಯಿ ಎಷ್ಟು ನೋವು ನುಂಗಿಕೊಂಡಿರುತ್ತದೆ ಅಂತ ಮನೆಯವರಿಗೆ ಗೊತ್ತಾಗುವುದು ಆಪರೇಷನ್ ಆಗಿ ಎರಡು ವಾರಕ್ಕೆ, ಅದು ಮತ್ತೆ ಮರಿಯ ಹಾಗೆ ಆಡತೊಡಗಿದಾಗ. ಇನ್ನೊಂದು, ಒಳಗಿವಿಯಿಂದ ಮಿದುಳು ದೂರವಿಲ್ಲ. ಸೋಂಕು ಆ ಕಡೆ ಹೋದರೆ ಆಮೇಲೆ ಕಿವಿಯ ಮಾತೇ ಬರುವುದಿಲ್ಲ.

ತಲೆ ಓರೆ ಪೂರ್ತಿ ನೇರವಾಗದೆ ಸ್ವಲ್ಪ ಉಳಿಯಬಹುದು. ಅದಕ್ಕೆ ಬೇಜಾರಾಗಬೇಡಿ, ಮಿದುಳು ಕೆಲವು ವಾರಗಳಲ್ಲಿ ಹೊಂದಿಸಿಕೊಳ್ಳುತ್ತದೆ, ನಾಯಿ ಓಡುತ್ತದೆ, ಮೆಟ್ಟಿಲು ಹತ್ತುತ್ತದೆ. ಮೊದಲ ದಿನಗಳಲ್ಲಿ ಮಾತ್ರ ಅಂಗಳದ ಅಂಚು, ಬಾವಿಕಟ್ಟೆ, ಕಾಲುಸಂಕದ ಕಡೆ ಬಿಡಬೇಡಿ. ಹೊಲಿಗೆ ಬಿಚ್ಚುವ ತನಕ, ಅಂದರೆ ಹತ್ತು ಹದಿನಾಲ್ಕು ದಿನ, ಮಳೆಯಲ್ಲಿ ನೆನೆಯಬಾರದು.

ಅಪ್ಪಯ್ಯನವರಿಗೆ ಹೇಳಿ, ಅವರ ಚಿಂತೆ ಸಣ್ಣದಲ್ಲ. ಎಡಗಿವಿ ಚೆನ್ನಾಗಿದ್ದರೆ ಕರಿಯ ಕಿವುಡ ಆಗುವುದಿಲ್ಲ. ಕಾಡುಹಂದಿ ಬಂದರೆ ಕೇಳುತ್ತದೆ, ಬೊಗಳುತ್ತಾನೆ. ಆದರೆ ಎಲ್ಲಿಂದ ಅಂತ ಕಿವಿಯಿಂದ ಗುರಿ ಹಿಡಿಯುವುದು ಕಷ್ಟ, ಅದಕ್ಕೆ ಎರಡು ಕಿವಿ ಬೇಕು. ಚಿರತೆ ಓಡಾಡುವ ಜಾಗದಲ್ಲಿ ಅಂಥ ನಾಯಿಯನ್ನು ರಾತ್ರಿ ಹೊರಗೆ ಕಟ್ಟಿಹಾಕಬಾರದು, ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ. ಕತ್ತಲಾದ ಮೇಲೆ ಒಳಜಗಲಿಯಲ್ಲಿ ಬಾಗಿಲು ಹಾಕಿ ಮಲಗಿಸಿ, ಅಲ್ಲಿಂದಲೇ ಅವನು ಸುದ್ದಿ ಕೊಡುತ್ತಾನೆ. ಹಗಲಿನಲ್ಲಿ ಈಗಿನಿಂದಲೇ ಕರೆಯುವ ಜೊತೆಗೆ ಕೈಸನ್ನೆ ಕಲಿಸಿ, ಸಂಜೆ ಟಾರ್ಚ್ ಎರಡು ಸಲ ಮಿನುಗಿಸಿದರೆ ಊಟ ಅಂತ ಅಭ್ಯಾಸ ಮಾಡಿಸಿ. ಏಳು ವರ್ಷದ ನಾಯಿ ಇದನ್ನು ಒಂದು ವಾರದಲ್ಲಿ ಕಲಿಯುತ್ತದೆ.

ಆ ಎಡಗಿವಿಯನ್ನು ಮಾತ್ರ ಕಣ್ಣಿನಷ್ಟು ಜೋಪಾನ ಮಾಡಿ. ಮಳೆಯಿಂದ ಬಂದ ತಕ್ಷಣ ಕಿವಿ ಮಡಚಿ ಒಣಬಟ್ಟೆಯಲ್ಲಿ ಒರೆಸಿ, ಬಡ್ಸ್ ಹಾಕಬೇಡಿ, ಉಣುಗು ಇದೆಯಾ ಅಂತ ವಾರಕ್ಕೆರಡು ಸಲ ನೋಡಿ, ವಾಸನೆ ಬಂದ ದಿನವೇ ತೋರಿಸಿ. ಅಲರ್ಜಿ ಇದೆಯಾ ಅಂತ ಇದೇ ಭೇಟಿಯಲ್ಲಿ ಕೇಳಿಬಿಡಿ. ತೀರ್ಥಹಳ್ಳಿಯಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಒಮ್ಮೆ ಅಭಿಪ್ರಾಯ ಕೇಳಬಹುದು. ಹೋಗುವಾಗ ಇಷ್ಟು ದಿನ ಬಿಟ್ಟ ಡ್ರಾಪ್ಸಿನ ಬಾಟಲಿಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವುದು ಯಾವಾಗ ಬಿಟ್ಟಿದ್ದು, ಬೀಳಲು ಶುರು ಮಾಡಿದ್ದು ಅದಕ್ಕೆ ಮೊದಲಾ ಆಮೇಲಾ ಅಂತ ಡಾಕ್ಟರು ಕೇಳಿದಾಗ ಹೇಳಲು ಬೇಕಾಗುತ್ತದೆ.